ಅಪರಾಧಶಾಸ್ತ್ರ ಓದಿದರೆ ಹೊಟ್ಟೆಗೇನು?

ಪರೀಕ್ಷೆಯ ಫಲಿತಾಂಶ ಬರುವ ಕಾಲಕ್ಕೆ ನಮ್ಮವರ ಮನೆಗಳಲ್ಲಿ ಒಂದೇ ಚರ್ಚೆ. ಹುಡುಗ ಇಂಜಿನಿಯರನಾಗಬೇಕೋ ಡಾಕ್ಟರನಾಗಬೇಕೋ. ಅಂಕ ಸಾಲದಿದ್ದರೆ ಬಿ.ಕಾಂ. ಇದ್ದೇ ಇದೆ. ಇಂಥ ಹೊತ್ತಿನಲ್ಲಿ ಮಗಳೊಬ್ಬಳು “ನಾನು ಅಪರಾಧಶಾಸ್ತ್ರ ಓದುತ್ತೇನೆ” ಎಂದಳೆನ್ನಿ. ತಾಯಿಗೆ ಗಾಬರಿ, ತಂದೆಗೆ ಕೋಪ, ಅಜ್ಜಿಗೆ ಮಾತ್ರ ಕುತೂಹಲ. “ಕಳ್ಳರ ವಿದ್ಯೆಯನ್ನೂ ಕಾಲೇಜಿನಲ್ಲಿ ಹೇಳಿಕೊಡುತ್ತಾರೆಯೇ?” ಎಂದು ಅವರು ಕೇಳಿದರೆ ಆಶ್ಚರ್ಯವಿಲ್ಲ. ಆ ಪ್ರಶ್ನೆಗೂ, ಅದರ ಬೆನ್ನಿಗೇ ಬರುವ “ಓದಿದ ಮೇಲೆ ಹೊಟ್ಟೆಗೇನು?” ಎಂಬ ಪ್ರಶ್ನೆಗೂ ತಿಳಿದ ಮಟ್ಟಿಗೆ ಉತ್ತರ ಹೇಳುವುದು ಈ ಲೇಖನದ ಉದ್ದೇಶ.

ಕಳ್ಳತನ ಹೇಗೆ ಮಾಡಬೇಕೆಂಬುದು ಈ ಶಾಸ್ತ್ರದ ವಿಷಯವಲ್ಲ. ಮನುಷ್ಯ ಏಕೆ ಕಳ್ಳನಾಗುತ್ತಾನೆ, ಸಿಕ್ಕಿಬಿದ್ದವನನ್ನು ಸಮಾಜ ಏನು ಮಾಡುತ್ತದೆ, ಹಾಗೆ ಮಾಡಿದ್ದರಿಂದ ಪ್ರಯೋಜನವಾಯಿತೇ ಎಂಬುದು ಅದರ ವಿಚಾರ. 1764ರಲ್ಲಿ ಇಟಲಿಯ ಬೆಕಾರಿಯಾ ಎಂಬಾತ ಚಿತ್ರಹಿಂಸೆಯನ್ನೂ ಮರಣದಂಡನೆಯನ್ನೂ ಖಂಡಿಸಿ ಗ್ರಂಥ ಬರೆದ. ಶಿಕ್ಷೆ ಕ್ರೂರವಾಗಿರುವುದಕ್ಕಿಂತ ಅದು ತಪ್ಪದೆ, ತಡವಿಲ್ಲದೆ ಆಗುವುದು ಮುಖ್ಯವೆಂಬುದು ಆತನ ವಾದ. ಈ ಶಾಸ್ತ್ರದ ಮೊದಲ ಕಲ್ಲುಗಳಲ್ಲಿ ಅದೊಂದು.

ನಮ್ಮ ದೇಶವೂ ಹಿಂದೆ ಬಿದ್ದಿರಲಿಲ್ಲ. ಬೆರಳು ಮುದ್ರೆಯ ಕಚೇರಿ ಜಗತ್ತಿನಲ್ಲೇ ಮೊದಲು ತೆರೆದದ್ದು 1897ರಲ್ಲಿ, ಕಲ್ಕತ್ತೆಯಲ್ಲಿ. ಮುದ್ರೆಗಳನ್ನು ವಿಂಗಡಿಸುವ ಪದ್ಧತಿಗಾಗಿ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ನಮ್ಮವರು. ಅದು ಜಗತ್ತಿನಲ್ಲೆಲ್ಲ ಹಬ್ಬಿದ್ದು ಮೇಲಧಿಕಾರಿ ಹೆನ್ರಿಯ ಹೆಸರಿನಲ್ಲಿ. ಕೆಲಸ ಕೆಳಗಿನವರದು, ಹೆಸರು ಮೇಲಿನವರದು ಎಂಬುದು ಕಚೇರಿಯಲ್ಲಿ ದುಡಿಯುವ ನಮ್ಮಂಥವರಿಗೆ ಹೊಸದೇನೂ ಅಲ್ಲ!

ಇನ್ನು, ಓದುವುದೆಲ್ಲಿ? ನಾವು ನೆಲೆಸಿರುವ ಊರುಗಳಲ್ಲೇ ಇದಕ್ಕೆ ಅನುಕೂಲವುಂಟು. ಮುಂಬಯಿಯ ದೇವನಾರದಲ್ಲಿರುವ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1936ರಲ್ಲಿ ಸಮಾಜಕಾರ್ಯದ ಶಾಲೆಯಾಗಿ ಹುಟ್ಟಿದ್ದು. ಅಪರಾಧ ಮತ್ತು ನ್ಯಾಯ ಅಲ್ಲಿನ ಹಳೆಯ ವಿಷಯ. ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರದ ವಿಭಾಗವೇ ಇದೆ. ದೆಹಲಿಯಲ್ಲಿ 1972ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಥೆ ಈಗ, 2020ರ ಕಾಯಿದೆಯಿಂದ ರೂಪುಗೊಂಡ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಅಂಗ. ಅದರ ಕೇಂದ್ರ ಗಾಂಧಿನಗರ, ಧಾರವಾಡದಲ್ಲೂ ಶಾಖೆಯುಂಟು. ಊರಿಗೆ ಹೋಗಿ ಓದುವೆನೆನ್ನುವವರಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೇ ಇದೆ. ಅದು 1949ರಲ್ಲಿ ಹುಟ್ಟಿದ್ದು ಮುಂಬಯಿಯಲ್ಲಿ ಎಂಬುದನ್ನು ಮುಂಬಯಿ ಕನ್ನಡಿಗರು ಮರೆಯಬಾರದು. ಮಂಗಳೂರಿನ ರೋಶನಿ ನಿಲಯದಲ್ಲೂ ಈ ವಿಷಯವನ್ನು ಕಲಿಸುತ್ತಾರೆ.

ಈಗ ಹೊಟ್ಟೆಯ ಪ್ರಶ್ನೆ. ಇಲ್ಲಿ ಮೂರು ದಾರಿಗಳಿವೆ. ಮೂರರ ಬಾಗಿಲೂ ಬೇರೆ ಬೇರೆ. ಇದನ್ನು ಮೊದಲೇ ತಿಳಿಯದೆ ಹೋದವರು ಪದವಿ ಪಡೆದ ಮೇಲೆ ಪರದಾಡಬೇಕಾಗುತ್ತದೆ.

ಮೊದಲನೆಯದು ಪ್ರಯೋಗಾಲಯದ ದಾರಿ. ರಕ್ತದ ಕಲೆ, ವಿಷ, ನಕಲಿ ಸಹಿ, ಮೊಬೈಲಿನಲ್ಲಿ ಅಳಿಸಿದ ಸಂದೇಶ ಇವನ್ನೆಲ್ಲ ಪರೀಕ್ಷಿಸುವವರು ವಿಜ್ಞಾನ ಓದಿದವರು. ಹೈದರಾಬಾದು, ಪುಣೆಗಳಲ್ಲಿ ಕೇಂದ್ರ ಸರಕಾರದ ಪ್ರಯೋಗಾಲಯಗಳಿವೆ. ರಾಜ್ಯ ಸರಕಾರಗಳವೂ ಇವೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧ ನಡೆದಲ್ಲಿಗೆ ವಿಧಿವಿಜ್ಞಾನದ ತಜ್ಞರು ಹೋಗಲೇಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶವಿದೆ. ಆದ್ದರಿಂದ ಈ ಕೆಲಸಕ್ಕೆ ಜನ ಬೇಕಾಗುವ ಕಾಲವಿದು. ಆದರೆ ಕಲಾ ವಿಭಾಗದಲ್ಲಿ ಅಪರಾಧಶಾಸ್ತ್ರ ಓದಿದವರಿಗೆ ಈ ಬಾಗಿಲು ತೆರೆಯುವುದು ಕಷ್ಟ, ಪಿ.ಯು.ಸಿ.ಯಲ್ಲೇ ವಿಜ್ಞಾನ ಹಿಡಿದು, ಮುಂದೆ ರಸಾಯನಶಾಸ್ತ್ರವನ್ನೋ ಜೀವಶಾಸ್ತ್ರವನ್ನೋ ಓದಿರಬೇಕು.

ಎರಡನೆಯದು ಕಾನೂನಿನ ದಾರಿ. ಸರಕಾರಿ ಅಭಿಯೋಜಕರಾಗಲು ಎಲ್‌.ಎಲ್‌.ಬಿ. ಬೇಕೇ ಬೇಕು. ಪೊಲೀಸು ಇಲಾಖೆಯ ಸಬ್‌ಇನ್‌ಸ್ಪೆಕ್ಟರ್ ಹುದ್ದೆಗೆ ಯಾವ ಪದವಿಯಾದರೂ ಸಾಕು. ಅಲ್ಲಿ ಆಯ್ಕೆ ನಡೆಯುವುದು ಪರೀಕ್ಷೆಯ ಮೇಲೆ, ಓಟದ ಮೇಲೆ. ಐ.ಪಿ.ಎಸ್. ಕನಸಿನವರು ಗಮನಿಸಬೇಕಾದ ಮಾತೊಂದುಂಟು: ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯ ಐಚ್ಛಿಕ ವಿಷಯಗಳಲ್ಲಿ ಅಪರಾಧಶಾಸ್ತ್ರವಿಲ್ಲ, ಕಾನೂನು, ಸಮಾಜಶಾಸ್ತ್ರಗಳಿವೆ. ಅಧ್ಯಾಪಕರಾಗಬಯಸುವವರಿಗೆ ಮಾತ್ರ ನೆಟ್ ಪರೀಕ್ಷೆಯಲ್ಲಿ ಈ ವಿಷಯವೇ ಇದೆ.

ಮೂರನೆಯದು ಸಮಾಜಕಾರ್ಯದ ದಾರಿ. ಇಲ್ಲಿ ಸಂಬಳ ಕಡಿಮೆ, ಎಷ್ಟೋ ಕಡೆ ಗುತ್ತಿಗೆಯ ನೌಕರಿ. ಇದನ್ನು ಮುಚ್ಚಿಟ್ಟು ಹೇಳುವುದು ತರವಲ್ಲ. ಮೊದಲ ಸಲ ತಪ್ಪಿದವನನ್ನು ಸೆರೆಮನೆಗೆ ಕಳಿಸದೆ ಕಣ್ಗಾವಲಿನಲ್ಲಿಡುವುದಕ್ಕೆ 1958ರ ಕಾಯಿದೆಯೊಂದಿದೆ. ಅವನ ಮನೆ, ನೆರೆಹೊರೆಗಳನ್ನು ವಿಚಾರಿಸಿ ನ್ಯಾಯಾಧೀಶರಿಗೆ ವರದಿ ಕೊಡುವವರು ಪ್ರೊಬೇಷನ್ ಅಧಿಕಾರಿ. ಕಾನೂನಿನ ಸುಳಿಗೆ ಸಿಕ್ಕ ಮಕ್ಕಳಿಗಾಗಿ 2015ರ ಬಾಲನ್ಯಾಯ ಕಾಯಿದೆಯುಂಟು. ಅದರಡಿಯಲ್ಲೂ ಇಂಥ ಹುದ್ದೆಗಳಿವೆ. ಟಾಟಾ ಸಂಸ್ಥೆಯವರು 1990ರಲ್ಲಿ ಆರಂಭಿಸಿದ ‘ಪ್ರಯಾಸ್’ ಯೋಜನೆಯ ಕಾರ್ಯಕರ್ತರು ಪೊಲೀಸು ಠಾಣೆ, ಸೆರೆಮನೆಗಳಿಗೇ ಹೋಗಿ ಕೆಲಸ ಮಾಡುತ್ತಾರೆ.

ಈ ಮೂರನೆಯ ದಾರಿಯ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕೆನ್ನಿಸುತ್ತದೆ. 2022ರ ಕೊನೆಗೆ ನಮ್ಮ ದೇಶದ ಸೆರೆಮನೆಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ, ಎಂದರೆ ನಾಲ್ವರಲ್ಲಿ ಮೂವರು, ಇನ್ನೂ ತೀರ್ಪಾಗದ ವಿಚಾರಣಾಧೀನರು. ತಪ್ಪು ಮಾಡಿದರೆಂದು ಯಾವ ನ್ಯಾಯಾಲಯವೂ ಅವರ ಬಗ್ಗೆ ಇನ್ನೂ ಹೇಳಿರಲಿಲ್ಲ. ಹೊಸ ಸಂಹಿತೆಯ ಪ್ರಕಾರ, ಮೊದಲ ಸಲ ಸಿಕ್ಕಿಬಿದ್ದವನು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಪಾಲನ್ನು ಒಳಗೇ ಕಳೆದಿದ್ದರೆ ಅವನನ್ನು ಮುಚ್ಚಳಿಕೆಯ ಮೇಲೆ ಬಿಡಬೇಕು. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೂ ಬೇರೆ ಮೊಕದ್ದಮೆ ಬಾಕಿಯಿರುವವರಿಗೂ ಮಾತ್ರ ಇದು ಅನ್ವಯಿಸದು. ಆದರೆ ಆ ದಿನ ಬಂದಿತೆಂದು ಲೆಕ್ಕ ಹಾಕುವವರು ಯಾರು? ಕಡತ ತಾನಾಗಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ನಡೆಯುವುದಿಲ್ಲವೆಂಬುದನ್ನು ನಾನು ದಿನವೂ ನೋಡುತ್ತಿರುತ್ತೇನೆ. ಕಡತದ ಹಿಂದೆ ಒಬ್ಬ ಮನುಷ್ಯನಿರಬೇಕು.

ಪರಊರಿನಲ್ಲಿ ಸಿಕ್ಕಿಬಿದ್ದವನ ಕಷ್ಟ ಇನ್ನೂ ದೊಡ್ಡದು. ಅವನಿಗೆ ಅಲ್ಲಿನ ಭಾಷೆ ಬಾರದು, ಜಾಮೀನಿಗೆ ನಿಲ್ಲುವವರಿಲ್ಲ, ಮನೆಯವರಿಗೆ ಸುದ್ದಿಯೂ ಮುಟ್ಟಿರುವುದಿಲ್ಲ. ಸಾಕ್ಷಿ ಹೇಳಿದ್ದನ್ನು ಆರೋಪಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂದು ಕಾನೂನೇನೋ ಇದೆ. ವಿವರಿಸುವ ನಾಲಿಗೆ ಬೇಕಲ್ಲ! ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿಯನ್ನೋ ತಮಿಳನ್ನೋ ತೆಲುಗನ್ನೋ, ಶಾಲೆಯಲ್ಲಿ ಇಂಗ್ಲಿಷು ಹಿಂದಿಗಳನ್ನು ಆಡುತ್ತ ಬೆಳೆದ ನಮ್ಮ ಮಕ್ಕಳಿಗಿಂತ ಈ ಕೆಲಸಕ್ಕೆ ಒಪ್ಪುವವರು ಯಾರಿದ್ದಾರೆ? ವಲಸೆಯಿಂದ ನಮಗೆ ದೊರೆತ ಈ ಆಸ್ತಿಯನ್ನು ನಾವು ಯಾವ ಖಾತೆಯಲ್ಲೂ ಬರೆದುಕೊಂಡಿಲ್ಲ.

“ಗೆದ್ದವನು ಸೋತ, ಸೋತವನು ಸತ್ತ” ಎಂದು ಹಿರಿಯರು ಕೋರ್ಟಿನಿಂದ ದೂರವಿದ್ದರು. ಅವರ ಅಂಜಿಕೆಗೆ ಕಾರಣವಿತ್ತು. ಆದರೆ ಒಳ್ಳೆಯವರೆಲ್ಲ ದೂರ ನಿಂತರೆ ಆ ಜಗಲಿ ಸುಧಾರಿಸುವುದು ಹೇಗೆ? ಆದ್ದರಿಂದ ಮಗನೋ ಮಗಳೋ ಈ ಓದಿನ ಮಾತೆತ್ತಿದರೆ ಒಡನೆಯೇ ಬೇಡವೆನ್ನಬೇಡಿ. ಒಂದು ದಿನ ರಜೆ ಹಾಕಿ ಹತ್ತಿರದ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಕರೆದೊಯ್ಯಿರಿ. ಅಲ್ಲಿನ ವಿಚಾರಣೆ ಸಾಮಾನ್ಯವಾಗಿ ಸಾರ್ವಜನಿಕರಿಗೆ ಮುಕ್ತ. ಹಿಂದಿನ ಬೆಂಚಿನಲ್ಲಿ ಮೌನವಾಗಿ ಕೂತು ಮಧ್ಯಾಹ್ನದವರೆಗೆ ನೋಡಿರಿ. ಹೊರಗೆ ಬಂದ ಮೇಲೂ ಮಗುವಿನ ಮನಸ್ಸು ಅದೇ ಆಗಿದ್ದರೆ, ಮೂರರಲ್ಲಿ ಯಾವ ದಾರಿಯೆಂದು ಕೂಡಿ ಕೂತು ನಿಶ್ಚಯಿಸಿ, ಅರ್ಜಿ ತುಂಬಿಸಿರಿ.