ಷೋರೂಮಿಗೆ ಮೊದಲು ಅರ್ತ್ ಪರೀಕ್ಷೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯಲ್ಲಿ ಎಲೆಕ್ಟ್ರಿಕ್ ಕಾರು ಕೊಳ್ಳಬೇಕೆಂದಿರುವವರು ಷೋರೂಮಿಗೆ ಹೋಗುವ ಮೊದಲು ಎಲೆಕ್ಟ್ರಿಷಿಯನ್ನರನ್ನು ಮನೆಗೆ ಕರೆಸಬೇಕು. ಇಲ್ಲಿನ ಗುಡ್ಡದ ಮನೆಗಳು ನಿಂತಿರುವುದು ಕೆಂಪುಕಲ್ಲಿನ ಮೇಲೆ. ಬೇಸಿಗೆಯಲ್ಲಿ ಆ ನೆಲದ ತೇವ ಆರಿದರೆ ಅರ್ತಿಂಗ್ ದುರ್ಬಲವಾಗುತ್ತದೆ. ಅರ್ತ್ ಕೆಟ್ಟರೂ ಫ್ರಿಜ್, ಮಿಕ್ಸಿ ಓಡುತ್ತವೆ. ಕಾರಿನ ಚಾರ್ಜರ್ ಮಾತ್ರ ಸಾಮಾನ್ಯವಾಗಿ ಕೆಲಸವನ್ನೇ ನಿಲ್ಲಿಸುತ್ತದೆ. ಜೀವ ಕಾಯುವ ಈ ಏರ್ಪಾಡನ್ನು ತಪ್ಪಿಸಿ ಚಾರ್ಜ್ ಮಾಡಲು ಯಾರೂ ಹೋಗಬಾರದು.

ಅದೇ ಬೇಸಿಗೆಯಲ್ಲಿ ಅಡಿಕೆ ತೋಟಗಳಿಗೆ ನೀರು ಬಿಡಬೇಕು. ಒಂದೇ ಟಿ.ಸಿ.ಯ (ಟ್ರಾನ್ಸ್‌ಫಾರ್ಮರ್) ಮೇಲೆ ಹಲವು ಪಂಪುಗಳು ಒಟ್ಟಿಗೆ ಚಾಲೂ ಆದರೆ ವೋಲ್ಟೇಜ್ ಇಳಿಯುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಕರೆಂಟೇ ಇಲ್ಲ. ಮನೆಯ 15 ಆಂಪಿಯರ್ ಸಾಕೆಟ್ಟಿನಲ್ಲಿ 40 ಯೂನಿಟ್ಟಿನ ಬ್ಯಾಟರಿ ತುಂಬಲು ಎಲ್ಲ ಸರಿಯಿದ್ದರೂ 13 ಗಂಟೆ ಬೇಕು. ಇನ್ನು ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ. ತಿಂಗಳಿಗೆ 1000 ಕಿ.ಮೀ. ಓಡಿಸಿದರೆ ಕಾರಿಗೇ ಸುಮಾರು 150 ಯೂನಿಟ್ ಹೋಗುತ್ತದೆ. ಮನೆಯ ಬಳಕೆಯೂ ಸೇರಿ 200 ದಾಟಿದರೆ ಪೂರ್ತಿ ಬಿಲ್ಲು ತೆರಬೇಕು. ಕಾರಿನ ಲೆಕ್ಕ ಹಾಕುವಾಗ ಇದನ್ನು ಮರೆಯುವವರೇ ಹೆಚ್ಚು.

ಚಾರ್ಮಾಡಿ ಘಾಟಿ ಹತ್ತುವಾಗ ಬ್ಯಾಟರಿ ಬರಿದಾಗುತ್ತದೆಂಬ ಭಯ ಮಾತ್ರ ಅತಿಯಾಯಿತು. ಒಂದೂಮುಕ್ಕಾಲು ಟನ್ನಿನ ಕಾರನ್ನು 800 ಮೀಟರ್ ಎತ್ತರಕ್ಕೇರಿಸಲು, ದಾರಿಯ ಮಾಮೂಲಿ ಖರ್ಚಿನ ಮೇಲೆ, ಬೇಕಾಗುವುದು ನಾಲ್ಕು ಯೂನಿಟ್ಟಿನಷ್ಟು. ಇಳಿಯುವಾಗ ಅದರಲ್ಲಿ ಒಂದು ಪಾಲು ಬ್ಯಾಟರಿಗೆ ಮರಳುತ್ತದೆ. ಪೆಟ್ರೋಲ್ ಕಾರು ಘಾಟಿ ಇಳಿದರೆ ಟ್ಯಾಂಕಿಗೆ ಒಂದು ಹನಿಯೂ ವಾಪಸು ಬಾರದು.

ಪೆಟ್ರೋಲಿನ ದೋಷ ನಮಗೆ ರೂಢಿಯಾಗಿಬಿಟ್ಟಿದೆ, ಹಾಗಾಗಿ ಕಾಣುವುದಿಲ್ಲ. ಐದು ನಿಮಿಷದಲ್ಲಿ ಟ್ಯಾಂಕ್ ತುಂಬುತ್ತದೆ, ನಿಜ. ಆದರೆ ಆ ಪೆಟ್ರೋಲಿನ ಶಕ್ತಿಯಲ್ಲಿ ಮುಕ್ಕಾಲು ಪಾಲಿನಷ್ಟು ಬಿಸಿಯಾಗಿ ಹೋಗುತ್ತದೆ. ಬಿ.ಸಿ.ರೋಡಿನಿಂದ ಅಡ್ಡಹೊಳೆವರೆಗಿನ ಹೆದ್ದಾರಿ ಕಾಮಗಾರಿಯಲ್ಲಿ ವರ್ಷಗಟ್ಟಲೆ ಸಾಲುಗಟ್ಟಿ ನಿಂತ ಕಾರುಗಳು ಒಂದಡಿಯೂ ಚಲಿಸದೆ ಉರಿಸಿದ ಇಂಧನಕ್ಕೆ ಲೆಕ್ಕವಿಟ್ಟವರಿಲ್ಲ. ಮಂಗಳೂರಿನಿಂದ ಹಾಸನ, ಬೆಂಗಳೂರಿಗೆ ಹೋಗುವ ಪೆಟ್ರೋಲಿಯಂ ಕೊಳವೆ ಬಂಟ್ವಾಳ, ಬೆಳ್ತಂಗಡಿಯ ನೆಲದಡಿಯಲ್ಲೇ ಸಾಗುತ್ತದೆ. ಹಾಗೆಂದು ಎಣ್ಣೆ ನಮ್ಮದಲ್ಲ: ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಭಾಗ ಹೊರಗಿನಿಂದ ಬರುತ್ತದೆ. ಲೀಟರಿಗೆ 15 ಕಿ.ಮೀ. ಓಡುವ ಕಾರಿಗೆ ಕಿಲೋಮೀಟರಿಗೆ ಏಳು ರೂಪಾಯಿಯಷ್ಟು ಬಿದ್ದರೆ, ಮನೆಯಲ್ಲಿ ಚಾರ್ಜ್ ಮಾಡಿದ ಕಾರಿಗೆ ಒಂದೂವರೆ ರೂಪಾಯಿಯೊಳಗೆ ಮುಗಿಯುತ್ತದೆ.

ವಿದ್ಯುತ್ ಕಾರಿಗೆ ಹೊಗೆಯೇ ಇಲ್ಲವೆನ್ನುವುದನ್ನು ನಾನು ಒಪ್ಪುವುದಿಲ್ಲ. ಪಡುಬಿದ್ರಿ ಬಳಿಯ ಎಲ್ಲೂರಿನ ಸ್ಥಾವರ ಉರಿಸುವುದು ಕಲ್ಲಿದ್ದಲನ್ನೇ. ದೇಶದ ಸರಾಸರಿ ವಿದ್ಯುತ್ತಿನಲ್ಲಿ 100 ಕಿ.ಮೀ. ಓಡಿದರೆ 11 ಕಿಲೋದಷ್ಟು ಇಂಗಾಲದ ಡೈಆಕ್ಸೈಡ್. ಪೆಟ್ರೋಲಿನಲ್ಲಿ 15 ಕಿಲೋ. ಬ್ಯಾಟರಿ ತಯಾರಿಕೆಯ ಹೊರೆ ಬೇರೆ. ಅಂತರವಿದೆ, ಆದರೆ ಜಾಹೀರಾತಿನಲ್ಲಿ ಕಾಣುವಷ್ಟಿಲ್ಲ.

ಮೂಡುಬಿದಿರೆಯಿಂದ ಮಂಗಳೂರಿಗೆ ನಿತ್ಯ ಹೋಗಿಬರುವುದು 70 ಕಿ.ಮೀ. ಆಸುಪಾಸು; ಅಷ್ಟಕ್ಕೆ ಮನೆಯಲ್ಲಿ ರಾತ್ರಿ ಮಾಡುವ ಚಾರ್ಜೇ ಸಾಕು. ಸ್ವಂತ ಅಂಗಳ, ಗಟ್ಟಿ ಅರ್ತ್ ಇದ್ದವರಿಗೆ ಎಲೆಕ್ಟ್ರಿಕ್ ಕಾರೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಬಿ.ಸಿ.ರೋಡಿನ ಬಾಡಿಗೆ ಮನೆಯವರ ಪಾಡು ಬೇರೆ. ಅವರಿಗೆ ಪ್ಲಗ್ಗೂ ಇಲ್ಲ, ಕಾರು ನಿಲ್ಲಿಸಲು ಜಾಗವೂ ಇಲ್ಲ. ದೇಶದಲ್ಲೇ ಮೊದಲಾಗಿ 2017ರಲ್ಲಿ ವಿದ್ಯುತ್ ವಾಹನ ನೀತಿ ತಂದ ರಾಜ್ಯ ನಮ್ಮದು. ಆದರೂ ಚಾರ್ಜಿಂಗ್ ಕೇಂದ್ರಗಳಲ್ಲಿ ಬಹುಪಾಲು ಬೆಂಗಳೂರಿನಲ್ಲೇ ಇವೆ. ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣದ ಪಕ್ಕದಲ್ಲಿ, ಸರ್ಕಾರಿ ಕಚೇರಿಗಳ ಆವರಣದಲ್ಲಿ ರಾತ್ರಿಯಿಡೀ ಕಾರು ನಿಲ್ಲಿಸಿ ಚಾರ್ಜ್ ಮಾಡುವ ಏರ್ಪಾಡು ಬೇಕು. ತೋಟದ ಪಂಪುಗಳ ಭಾರವನ್ನು ಲೆಕ್ಕ ಹಾಕಿ ವಿದ್ಯುತ್ ಪೂರೈಸುವ ಮೆಸ್ಕಾಂ ಬೇರೆ ಟಿ.ಸಿ. ಕೂರಿಸಬೇಕು.