ಹುಳಿ, ಸಿಹಿ, ಅಳತೆ

ಕ್ರಿಸ್‌ಮಸ್ ಕಾಲದಲ್ಲಿ ಅಮೆರಿಕದ ಅನೇಕ ಮನೆಗಳಲ್ಲಿ ಅತಿಥಿಗಳಿಗೆ ನೀಡುವ ಪಾನೀಯಗಳಲ್ಲಿ ‘ವಿಸ್ಕಿ ಸೌರ್’ ಎಂಬುದೂ ಒಂದು. ಸೌರ್ ಎಂದರೆ ಹುಳಿ ಎಂದಷ್ಟೇ ಅರ್ಥ. ವಿಸ್ಕಿ, ನಿಂಬೆರಸ, ಸಕ್ಕರೆ: ಮುಖ್ಯವಾಗಿ ಮೂರೇ ಪದಾರ್ಥ. ಮದ್ಯದ ಮಾತೆತ್ತಿದೊಡನೆ ಕೇಳುಗರಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ಕೆಲವರು ಕಿವಿ ನಿಮಿರಿಸಲೂಬಹುದು. ಇಬ್ಬರಲ್ಲೂ ನನ್ನ ಬಿನ್ನಹ ಒಂದೇ. ಈ ಬಟ್ಟಲಿನ ಕಥೆಯೆಲ್ಲ ಅಳತೆಯ ಕಥೆ. ಹಾಗೆಂದೇ ಅದನ್ನು ಹೇಳಹೊರಟಿದ್ದೇನೆ.

ಮದ್ಯಕ್ಕೂ ಹುಳಿಗೂ ನಂಟು ಬೆಳೆದುದರಲ್ಲಿ ಕಡಲಿನ ಪಾಲು ದೊಡ್ಡದು. 1740ರಲ್ಲಿ ಇಂಗ್ಲಿಷ್ ನೌಕಾಪತಿ ಎಡ್ವರ್ಡ್ ವರ್ನನ್, ನಾವಿಕರಿಗೆ ಕೊಡುವ ರಮ್ಮಿಗೆ ನೀರು ಬೆರೆಸಬೇಕೆಂದು ಆಜ್ಞೆ ಮಾಡಿದ. 1747ರಲ್ಲಿ ವೈದ್ಯ ಜೇಮ್ಸ್ ಲಿಂಡ್, ನಾವಿಕರನ್ನು ಕೊಲ್ಲುತ್ತಿದ್ದ ಸ್ಕರ್ವಿ ರೋಗಕ್ಕೆ ಕಿತ್ತಳೆ, ನಿಂಬೆಗಳೇ ಮದ್ದೆಂದು ಪ್ರಯೋಗದಿಂದ ಕಂಡುಕೊಂಡ. ಆದರೂ ಬ್ರಿಟಿಷ್ ನೌಕಾಪಡೆಯಲ್ಲಿ ನಿಂಬೆರಸ ಎಲ್ಲರಿಗೂ ಸಿಗುವ ಏರ್ಪಾಡಾಗಲು 1795ರವರೆಗೆ ಕಾಯಬೇಕಾಯಿತು.

ಇದಕ್ಕೂ ಹಿಂದೆಯೇ, ಹದಿನೇಳನೆಯ ಶತಮಾನದಲ್ಲಿ, ಭಾರತಕ್ಕೆ ಬಂದ ಇಂಗ್ಲಿಷ್ ವರ್ತಕರು ‘ಪಂಚ್’ ಎಂಬ ಪಾನೀಯವನ್ನು ರೂಢಿಸಿಕೊಂಡಿದ್ದರು. ಮದ್ಯ, ಹುಳಿ, ಸಕ್ಕರೆ, ನೀರು, ಮಸಾಲೆ ಎಂಬ ಐದರಿಂದಾದ ಈ ಹೆಸರು ನಮ್ಮ ‘ಪಂಚ’ ಶಬ್ದದಿಂದಲೇ ಬಂದುದೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಪಂಚ್ ಹತ್ತಾರು ಜನರಿಗಾಗಿ ದೊಡ್ಡ ಪಾತ್ರೆಯಲ್ಲಿ ಕಲಸುವ ಪಾನೀಯ. ಸೌರ್ ಒಬ್ಬನ ಬಟ್ಟಲಿಗೆ ಇಳಿದ ಅದರ ಕಿರಿಯ ಕುಡಿ. 1862ರಲ್ಲಿ ನ್ಯೂಯಾರ್ಕಿನಲ್ಲಿ ಅಚ್ಚಾದ ಜೆರ್ರಿ ಥಾಮಸನ ಪಾನೀಯಗಳ ಪುಸ್ತಕದಲ್ಲಿ ಸೌರ್ ಎಂಬ ವರ್ಗವೇ ಇದೆ.

ಹಬ್ಬದ ಸೌರ್‌ಗೆ ಕೆಂಬಣ್ಣ ಕೊಡುವುದು ಕ್ರ್ಯಾನ್‌ಬೆರಿ. ಮ್ಯಾಸಚೂಸೆಟ್ಸ್, ವಿಸ್ಕಾನ್ಸಿನ್ ಪ್ರಾಂತಗಳ ಜೌಗು ನೆಲದಲ್ಲಿ ಬೆಳೆಯುವ, ಶರದೃತುವಿನಲ್ಲಿ ಕೊಯ್ಲಿಗೆ ಬರುವ, ಒಗರು ಬೆರೆತ ಹುಳಿಹಣ್ಣು. ಒಂದು ಬಟ್ಟಲು ಹಣ್ಣು, ಒಂದು ಬಟ್ಟಲು ಸಕ್ಕರೆ, ಒಂದು ಬಟ್ಟಲು ನೀರು, ಒಂದು ತುಂಡು ದಾಲ್ಚಿನ್ನಿ ಇವನ್ನು ಸಣ್ಣ ಉರಿಯಲ್ಲಿ ಕುದಿಸಬೇಕು. ಹಣ್ಣು ಸಿಡಿದು ರಸ ಬಿಟ್ಟ ಮೇಲೆ ಸೋಸಿ ಆರಿಸಿದರೆ ಕೆಂಪು ಪಾಕ ಸಿದ್ಧ.

ಇನ್ನು ಬೆರಕೆ. ಒಬ್ಬರಿಗೆ 45 ಮಿಲಿಲೀಟರ್ ಬರ್ಬನ್ ವಿಸ್ಕಿ, 25 ಮಿಲಿಲೀಟರ್ ಆಗತಾನೆ ಹಿಂಡಿದ ನಿಂಬೆರಸ, 20 ಮಿಲಿಲೀಟರ್ ಪಾಕ. ಬರ್ಬನ್ನಿಗೆ ಬಳಸುವ ಧಾನ್ಯದಲ್ಲಿ ನೂರಕ್ಕೆ 51 ಪಾಲಾದರೂ ಮೆಕ್ಕೆಜೋಳವಿರಬೇಕು. ಅದನ್ನು ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿಡಬೇಕು. ಇದು ಅಲ್ಲಿನ ಕಾನೂನು. ಆ ಸುಟ್ಟ ಮರದ ಕಂಪು ದಾಲ್ಚಿನ್ನಿಯೊಡನೆ ಚೆನ್ನಾಗಿ ಹೊಂದುತ್ತದೆ.

ನೊರೆ ಬೇಕೆನ್ನುವವರು ಒಂದು ಮೊಟ್ಟೆಯ ಬಿಳಿಭಾಗ ಸೇರಿಸುತ್ತಾರೆ. ಮೊದಲು ಹಿಮವಿಲ್ಲದೆ ಮುಚ್ಚಿದ ಪಾತ್ರೆಯಲ್ಲಿ ಹದಿನೈದು ಸೆಕೆಂಡು ಕುಲುಕಿದರೆ, ಅದರ ಪ್ರೋಟೀನಿನ ಸುರುಳಿಗಳು ಬಿಚ್ಚಿಕೊಂಡು ಗಾಳಿಯ ಗುಳ್ಳೆಗಳನ್ನು ಹಿಡಿದಿಡುತ್ತವೆ. ಹಸಿ ಮೊಟ್ಟೆಯಿಂದ ಸಾಲ್ಮೊನೆಲ್ಲಾ ಸೋಂಕು ತಗಲುವ ಭಯವುಂಟಾದ್ದರಿಂದ ಪಾಶ್ಚರೀಕರಿಸಿದ ಮೊಟ್ಟೆಯೇ ಲೇಸು. ಮೊಟ್ಟೆ ಒಲ್ಲದವರಿಗೆ ಕಾಬೂಲಿ ಕಡಲೆ ಬೇಯಿಸಿದ ಗಟ್ಟಿ ಕಟ್ಟು ಸಾಕು. ಅದೂ ಚೆನ್ನಾಗಿ ನೊರೆಯೇಳುತ್ತದೆ. ಆಮೇಲೆ ಹಿಮ ತುಂಬಿ ಮತ್ತೆ ಕುಲುಕಿ ಸೋಸಬೇಕು. ಹಿಮ ತಂಪನ್ನಷ್ಟೇ ಕೊಡುವುದಿಲ್ಲ; ಕರಗಿದ ನೀರು ಸೇರದಿದ್ದರೆ ಪಾನೀಯ ನಾಲಗೆಗೆ ಚುರುಕೆನ್ನುತ್ತದೆ. ಮೇಲೊಂದು ಕಿತ್ತಳೆಯ ಬಿಲ್ಲೆಯನ್ನಿಟ್ಟರೆ ಕೆಲಸ ಮುಗಿಯಿತು.

ರಾಮನವಮಿಯ ಪಾನಕ ಮಾಡಿ ಬಲ್ಲವರಿಗೆ ಇಲ್ಲಿನ ಹದ ಹೊಸದಲ್ಲ. ಹುಳಿ ಮುಂದಾದರೆ ಹಲ್ಲು ಚಳಿತುಕೊಳ್ಳುತ್ತದೆ, ಸಿಹಿ ಮುಂದಾದರೆ ಮುಖ ಮುರಿಯುತ್ತದೆ. ಎರಡೂ ಸಮತೂಗಿದಾಗ ಎರಡರ ಉಗ್ರತೆಯೂ ಅಡಗುತ್ತದೆ. ಆದರೆ ಪಾನಕದಲ್ಲಿಲ್ಲದ ಅಪಾಯ ಇಲ್ಲಿ ಹುಟ್ಟುವುದೂ ಇದರಿಂದಲೇ. ಹುಳಿಸಿಹಿಗಳು ಹದವಾಗಿ ಕೂಡಿದಷ್ಟೂ ಮದ್ಯದ ಕಾವು ನಾಲಗೆಗೆ ತಿಳಿಯುವುದಿಲ್ಲ. ನೀಟಾಗಿ ಕುಡಿದ ವಿಸ್ಕಿ ಗಂಟಲನ್ನು ಸುಟ್ಟು ತಾನೇ ಎಚ್ಚರಿಕೆ ಕೊಡುತ್ತದೆ. ಸೌರ್ ಆ ಎಚ್ಚರಿಕೆಯನ್ನು ಸಕ್ಕರೆಯಲ್ಲಿ ಮುಳುಗಿಸುತ್ತದೆ. ನೂರಕ್ಕೆ 40ರ ಬಲದ 45 ಮಿಲಿಲೀಟರ್ ವಿಸ್ಕಿಯಲ್ಲಿ ಸುಮಾರು 14 ಗ್ರಾಂ ಶುದ್ಧ ಆಲ್ಕೊಹಾಲ್ ಇದೆ. ಅದನ್ನು ಕರಗಿಸಲು ಯಕೃತ್ತಿಗೆ ಒಂದು ಗಂಟೆಗೂ ಹೆಚ್ಚು ಕಾಲ ಬೇಕು. ಕಾಫಿಯಾಗಲಿ ತಣ್ಣೀರ ಸ್ನಾನವಾಗಲಿ ಆ ಗತಿಯನ್ನು ಚುರುಕುಗೊಳಿಸಲಾರದು. ಹರಟೆಯ ಹುರುಪಿನಲ್ಲಿ ಒಂದು ಗಂಟೆಗೆ ಮೂರು ಬಟ್ಟಲು ಬರಿದಾದರೆ, ಕುಡಿದವನಿಗೆ ಅದು ತಿಳಿಯುವುದು ಬಹುಶಃ ಎದ್ದು ನಿಂತಾಗ. ದುರದೃಷ್ಟವಿದ್ದರೆ, ಕಾರಿನ ಚಕ್ರ ಹಿಡಿದಾಗ.

ಆದ್ದರಿಂದ ಎಚ್ಚರದ ಹೊಣೆಯಲ್ಲಿ ಬೆರೆಸುವವನಿಗೂ ಪಾಲುಂಟು. ಕಣ್ಣಂದಾಜಿನಲ್ಲಿ ಸೀಸೆ ಬಗ್ಗಿಸುವುದು ಔದಾರ್ಯವೆಂದು ತೋರಬಹುದು. ಅತಿಥಿಗೆ ತಾನೆಷ್ಟು ಕುಡಿದೆನೆಂಬ ಲೆಕ್ಕವೇ ಅದರಿಂದ ತಪ್ಪಿಹೋಗುತ್ತದೆ. ‘ಜಿಗರ್’ ಎಂಬ ಪುಟ್ಟ ಅಳತೆಬಟ್ಟಲು ಇರುವುದು ಇದಕ್ಕಾಗಿಯೇ. ಇನ್ನು ಮದ್ಯ ಮುಟ್ಟದ ಅತಿಥಿಯೊಬ್ಬರು ಬಂದಿದ್ದರೆ, ಅವರನ್ನು ಬರಿಯ ನೀರಿನ ಲೋಟದೊಡನೆ ಮೂಲೆಯಲ್ಲಿ ಕೂರಿಸಬೇಕಾಗಿಲ್ಲ. ವಿಸ್ಕಿಯ ಬದಲು ಆರಿದ ಕಡು ಚಹಾದ ಡಿಕಾಕ್ಷನ್ ಅಷ್ಟೇ ಅಳತೆಯಲ್ಲಿ ಸುರಿದರೆ ಒಗರೂ ಬಂತು, ಬಣ್ಣವೂ ಬಂತು. ಅದೇ ಕೆಂಪು ಪಾಕ, ಅದೇ ನೊರೆ, ಅದೇ ಕಿತ್ತಳೆಯ ಬಿಲ್ಲೆ. ಎಲ್ಲರ ಬಟ್ಟಲುಗಳೊಡನೆ ಒಂದೇ ತಟ್ಟೆಯಲ್ಲಿ ಅದನ್ನೂ ತಂದಿಟ್ಟು, ಅದು ಯಾವುದೆಂದು ಅವರಿಗೆ ಮಾತ್ರ ಮೆಲ್ಲನೆ ತಿಳಿಸಿದರಾಯಿತು.