ಹೊಸಿಲು ದಾಟದ ಚಪ್ಪಲಿ

ಅಂಗಡಿಯ ಗಾಜಿನ ಹಿಂದೆ ಇಟ್ಟರೆ ಯಾರೂ ನಿಂತು ನೋಡುವಂಥ ಚಪ್ಪಲಿಯಲ್ಲ ಇದು. ಕಪ್ಪು ಬಣ್ಣದ ದಪ್ಪ ಅಟ್ಟೆ, ಪಾದದ ಮೇಲೆ ಎರಡು ಅಗಲವಾದ ಪಟ್ಟಿ, ಹಿಮ್ಮಡಿಯ ಹಿಂದೆ ಇನ್ನೊಂದು. ಹೆಬ್ಬೆರಳು ತೂರಿಸುವ ಉಂಗುರವಿಲ್ಲ, ಬೆರಳ ಸಂದಿಗೆ ಸಿಗಿಸುವ ಬಾರಿಲ್ಲ, ಹುಡುಕಿದರೂ ಒಂದು ಮೊಳೆ ಸಿಗದು. ಅಟ್ಟೆಯನ್ನು ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಮೇಲೇಳುತ್ತದೆ. ಆ ತಗ್ಗಿ ಏಳುವ ಗುಣದಲ್ಲೇ ಅದರ ವಿದ್ಯೆ ಇದೆ. ಆಸ್ಪತ್ರೆಗಳಲ್ಲಿ ಇದರ ಹೆಸರು ಎಂಸಿಆರ್ ಚಪ್ಪಲಿ. ಮೈಕ್ರೊಸೆಲ್ಯುಲರ್ ರಬ್ಬರ್, ಅಂದರೆ ಸಣ್ಣ ಸಣ್ಣ ಗಾಳಿಗುಳ್ಳೆಗಳನ್ನು ಒಡಲ ತುಂಬ ಹೊತ್ತ ರಬ್ಬರು.

ಇದು ಬೇಕಾಗುವುದು ನೋವು ಮರೆತ ಕಾಲಿಗೆ.

ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ ಎಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆ ಅಂದಾಜು ಮಾಡಿತು. ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಹತೋಟಿಗೆ ಬಾರದೆ ಉಳಿದರೆ ನರಗಳು ಬೆರಳ ತುದಿಯಿಂದಲೇ ಸೊರಗುತ್ತಾ ಬರುತ್ತವೆ. ಮೊದಲು ಜೋಮು, ಉರಿ. ಆಮೇಲೆ ಏನೂ ಇಲ್ಲ. ಬೆವರು ನಿಂತು ಚರ್ಮ ಒಣಗುತ್ತದೆ, ಹಿಮ್ಮಡಿ ಬಿರಿಯುತ್ತದೆ. ಪಾದದ ಸಣ್ಣ ಸ್ನಾಯುಗಳು ಸೋತು ಬೆರಳುಗಳು ಕೊಕ್ಕೆಯಂತೆ ಬಾಗುತ್ತವೆ, ಬೆರಳ ಬುಡದ ಮೂಳೆಗಳು ಅಂಗಾಲನ್ನು ಒತ್ತತೊಡಗುತ್ತವೆ. ಅಲ್ಲಿ ಆಣಿ ಕಟ್ಟುತ್ತದೆ. ಆಣಿಯ ಅಡಿಯಲ್ಲಿ ಸದ್ದಿಲ್ಲದೆ ಹುಣ್ಣು ಹುಟ್ಟುತ್ತದೆ. ಮಧುಮೇಹಿಗಳಲ್ಲಿ ಬದುಕಿನಲ್ಲಿ ಒಮ್ಮೆಯಾದರೂ ಕಾಲುಹುಣ್ಣಿಗೆ ಸಿಲುಕುವವರು ಶೇ 19ರಿಂದ 34 ಎಂಬುದು ವೈದ್ಯರ ಲೆಕ್ಕ. ಒಮ್ಮೆ ವಾಸಿಯಾದ ಹುಣ್ಣು ವರ್ಷ ತುಂಬುವುದರೊಳಗೆ ಮತ್ತೆ ಬಾಯಿ ತೆರೆಯುವುದು ಹತ್ತರಲ್ಲಿ ನಾಲ್ವರಿಗೆ.

ಆದರೆ ಈ ಚಪ್ಪಲಿ ಹುಟ್ಟಿದ್ದು ಮಧುಮೇಹಿಗಳಿಗಾಗಿ ಅಲ್ಲ. ಅದರ ತವರು ಕುಷ್ಠರೋಗದ ಆಸ್ಪತ್ರೆ. ಅದರ ಕಥೆ ಹೇಳಹೊರಟರೆ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರನ್ನು ಬಿಟ್ಟು ಮುಂದೆ ಹೋಗಲಾಗದು.

ಬ್ರ್ಯಾಂಡ್ ಹುಟ್ಟಿದ್ದು 1914ರಲ್ಲಿ, ತಮಿಳುನಾಡಿನ ಕೊಲ್ಲಿಮಲೆಯಲ್ಲಿ. ತಂದೆ ತಾಯಿ ಇಂಗ್ಲೆಂಡಿನಿಂದ ಬಂದ ಮಿಷನರಿಗಳು. ಮಗ ಲಂಡನ್ನಿನಲ್ಲಿ ವೈದ್ಯಶಾಸ್ತ್ರ ಓದಿ, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಕಲಿಸಲು ಬಂದರು. ಕುಷ್ಠರೋಗಿಯ ಮಾಂಸ ತಾನಾಗಿ ಕೊಳೆತು ಉದುರುತ್ತದೆ ಎಂದು ಜನರಿರಲಿ, ವೈದ್ಯರೂ ನಂಬಿದ್ದ ಕಾಲ ಅದು. ಒಂದು ದಿನ ಬ್ರ್ಯಾಂಡ್ ಉಗ್ರಾಣದ ತುಕ್ಕು ಹಿಡಿದ ಬೀಗದೊಡನೆ ಗುದ್ದಾಡುತ್ತಿದ್ದರು. ಬೀಗದ ಕೈ ತಿರುಗಲೊಲ್ಲದು. ರೋಗಿಗಳಲ್ಲೊಬ್ಬನಾದ ಸಣಕಲು ಹುಡುಗ ಮುಂದೆ ಬಂದು ಕೈ ಹಾಕಿದ, ಬೀಗ ತೆರೆದುಕೊಂಡಿತು. ಇಷ್ಟು ಬಲ ಎಲ್ಲಿಂದ ಬಂತು ಎಂದು ವೈದ್ಯರು ಬೆರಗಾಗುವಷ್ಟರಲ್ಲಿ ನೆಲದ ಮೇಲೆ ರಕ್ತದ ಹನಿ ಕಂಡಿತು. ಹುಡುಗನ ಬೆರಳು ಮೂಳೆ ಕಾಣುವಷ್ಟು ಸೀಳಿತ್ತು. ಅವನಿಗೆ ಅದರ ಅರಿವೇ ಇರಲಿಲ್ಲ.

ಬೆರಳನ್ನು ತಿನ್ನುತ್ತಿರುವುದು ರೋಗವಲ್ಲ, ನೋವಿಲ್ಲದ ದುಡಿಮೆ ಎಂಬ ವಿಚಾರ ಇಂಥ ಒಂದೊಂದೇ ಗಾಯವನ್ನು ಬೆನ್ನಟ್ಟಿದಾಗ ಗಟ್ಟಿಯಾಯಿತು. ಕಾಲಿನದೂ ಇದೇ ಕಥೆ. ನೋವು ಬಲ್ಲ ಮನುಷ್ಯ ನಡೆಯುತ್ತಲೇ ತನಗೆ ಗೊತ್ತಿಲ್ಲದಂತೆ ಹೆಜ್ಜೆಯ ಭಾರವನ್ನು ಅತ್ತಿತ್ತ ಸರಿಸಿಕೊಳ್ಳುತ್ತಾನೆ. ಬೊಕ್ಕೆ ಎದ್ದರೆ ಕುಂಟುತ್ತಾನೆ. ಜಡವಾದ ಕಾಲು ಮಾತ್ರ ಸಾವಿರ ಸಲವೂ ಅದೇ ಜಾಗವನ್ನೇ ನೆಲಕ್ಕೆ ಒತ್ತುತ್ತದೆ. ಹಾಗಾದರೆ ಮಾಡಬೇಕಾದುದು ಒಂದೇ: ಒತ್ತಡ ಒಂದೇ ಬಿಂದುವಿನ ಮೇಲೆ ಬೀಳದೆ ಇಡೀ ಅಂಗಾಲಿಗೆ ಹಂಚಿಹೋಗುವಂಥ ಅಟ್ಟೆ. ಬಗೆಬಗೆಯದನ್ನು ಮಾಡಿ ನೋಡಿದ ಮೇಲೆ ಗೆದ್ದದ್ದು ಗಾಳಿಗುಳ್ಳೆಯ ಈ ರಬ್ಬರು. ವೆಲ್ಲೂರಿನ ಬಳಿಯ ಕರಿಗಿರಿಯ ಕುಷ್ಠರೋಗ ಕೇಂದ್ರದಲ್ಲಿ ಅದಕ್ಕೊಂದು ಕಾರ್ಯಾಗಾರವೇ ಬೆಳೆಯಿತು.

ಬ್ರ್ಯಾಂಡರ ಬದುಕಿನ ಒಂದು ರಾತ್ರಿಯನ್ನು ಇಲ್ಲಿ ಹೇಳಲೇಬೇಕು. ದೂರ ಪ್ರಯಾಣ ಮುಗಿಸಿ ಲಂಡನ್ನಿಗೆ ಬಂದು ಕಾಲುಚೀಲ ಕಳಚುವಾಗ ಹಿಮ್ಮಡಿಯಲ್ಲಿ ಸ್ಪರ್ಶವೇ ಇಲ್ಲ ಅನ್ನಿಸಿತು. ಸೂಜಿ ಚುಚ್ಚಿಕೊಂಡರು, ರಕ್ತ ಬಂತು, ನೋವು ಬರಲಿಲ್ಲ. ವರ್ಷಗಟ್ಟಲೆ ಮುಟ್ಟಿ ಆರೈಕೆ ಮಾಡಿದ ರೋಗ ಕೊನೆಗೂ ತನ್ನನ್ನು ಹಿಡಿಯಿತು ಎಂದುಕೊಂಡು ನಿದ್ದೆಯಿಲ್ಲದೆ ರಾತ್ರಿ ಕಳೆದರು. ಬೆಳಗ್ಗೆ ಮತ್ತೆ ಚುಚ್ಚಿಕೊಂಡಾಗ ಚೀರುವಂತಾಯಿತು. ರೈಲಿನಲ್ಲಿ ಒಂದೇ ಭಂಗಿಯಲ್ಲಿ ಕೂತು ನರ ಮರಗಟ್ಟಿತ್ತು, ಅಷ್ಟೇ. ಆ ನೋವಿಗೆ ಅವರು ದೇವರಿಗೆ ಕೃತಜ್ಞತೆ ಹೇಳಿದರು.

1966ರಲ್ಲಿ ಅವರು ಅಮೆರಿಕದ ಲೂಸಿಯಾನಾದಲ್ಲಿದ್ದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದರು. ಅಲ್ಲಿ ಮಧುಮೇಹಿಗಳ ಕಾಲು ಕಣ್ಣಿಗೆ ಬಿದ್ದಾಗ, ವೆಲ್ಲೂರಿನಲ್ಲಿ ಕಂಡದ್ದೇ ಹುಣ್ಣು, ಅದೇ ಜಾಗ, ಅದೇ ಜಡತೆ. ಕುಷ್ಠರೋಗಿಗಾಗಿ ಕಲಿತ ವಿದ್ಯೆ ಹೀಗೆ ಮಧುಮೇಹಿಯ ಕಾಲಿಗೆ ಬಂತು. ಅಲ್ಲೇ ಅವರ ತಂಡ ಇನ್ನೊಂದು ಪ್ರಯೋಗ ಮಾಡಿತು: ಒತ್ತಡ ಮಿತಿ ಮೀರಿದರೆ ಸದ್ದು ಮಾಡುವ ಕೈಗವಸು, ಕಾಲುಚೀಲ. ರೋಗಿಗಳು ಸದ್ದನ್ನು ಕೇಳಿಸಿಕೊಂಡು ಸುಮ್ಮನಾದರು. ಆಗ ನೋವು ಉಳಿದಿರುವ ಕಂಕುಳಿಗೆ ಸಣ್ಣ ವಿದ್ಯುತ್ ಆಘಾತ ಕೊಡುವ ಏರ್ಪಾಡಾಯಿತು. ಕೆಲಸ ಅವಸರದ್ದಾದರೆ ಅವರು ಸ್ವಿಚ್ ಆರಿಸಿ ಕೆಲಸ ಮುಂದುವರಿಸುತ್ತಿದ್ದರು! ನಿಜವಾದ ನೋವಿಗೆ ಸ್ವಿಚ್ ಇಲ್ಲ. ಯೋಜನೆ ಅಲ್ಲಿಗೆ ಕೈಬಿಟ್ಟುಹೋಯಿತು.

ಇನ್ನು ಚಪ್ಪಲಿ ತಯಾರಾಗುವ ಬಗೆ. ಮೊದಲು ಕಾಲಿನ ಪರೀಕ್ಷೆ: 10 ಗ್ರಾಂ ಭಾರಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಅಂಗಾಲಿನ ಅಲ್ಲಲ್ಲಿ ಮುಟ್ಟಿಸುತ್ತಾರೆ. ಮುಟ್ಟಿದ್ದು ಗೊತ್ತಾಗದಿದ್ದರೆ ಆ ಪಾದ ಕಾಪಾಡಬೇಕಾದ ಪಾದ. ಹಾಳೆಯ ಮೇಲೆ ನಿಲ್ಲಿಸಿ ಪೆನ್ಸಿಲಿನಿಂದ ಸುತ್ತ ಗೆರೆ ಎಳೆಯುತ್ತಾರೆ. ಮಸಿಯ ಹಾಸಿನ ಮೇಲೆ ಹೆಜ್ಜೆ ಇಡಿಸಿದರೆ ಭಾರ ಹೆಚ್ಚು ಬೀಳುವ ಜಾಗ ಕಪ್ಪಾಗಿ ಮೂಡುತ್ತದೆ; ಅಟ್ಟೆಯನ್ನು ಎಲ್ಲಿ ಕೊರೆಯಬೇಕು, ಎಲ್ಲಿ ಎತ್ತರಿಸಬೇಕು ಎಂಬುದಕ್ಕೆ ಅದೇ ನಕಾಶೆ. ಒಳಗಿನ ಉದ್ದ ಪಾದಕ್ಕಿಂತ ಒಂದೆರಡು ಸೆಂಟಿಮೀಟರ್ ಹೆಚ್ಚಿರಬೇಕು. ಮೆತ್ತನೆಯ ರಬ್ಬರಿನ ಕೆಳಗೆ ಮುಳ್ಳು ನಾಟದಂಥ ಗಟ್ಟಿ ಅಟ್ಟೆ. ಉಳಿದದ್ದು ಅಂಟು ಮತ್ತು ಹೊಲಿಗೆ. ಹೊಸತನ್ನು ಮೊದಲ ದಿನ ಒಂದೆರಡು ಗಂಟೆ ಮಾತ್ರ ಹಾಕಿ, ಕಳಚಿ, ಕೆಂಪು ಗುರುತು ಬಿದ್ದಿದೆಯೇ ಎಂದು ನೋಡಿಕೊಳ್ಳಬೇಕು. ಪ್ರತಿ ಸಲ ಹಾಕುವ ಮುನ್ನ ಕೊಡವಿ, ಒಳಗೆ ಕೈಯಾಡಿಸಬೇಕು. ಕಲ್ಲಿನ ಚೂರಿದ್ದರೆ ಕಾಲು ಹೇಳುವುದಿಲ್ಲ. ಆಗಲೇ ಹುಣ್ಣಾಗಿದ್ದರೆ ಈ ಚಪ್ಪಲಿ ಸಾಲದು. ಅದಕ್ಕೆ ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕುವಂಥ ಬೇರೆ ಚಿಕಿತ್ಸೆ ಬೇಕು, ವೈದ್ಯರ ಕಣ್ಣು ಬೇಕು.

ನಮ್ಮ ಅಂದದ ಚಪ್ಪಲಿಗಳು ಇಲ್ಲಿ ನಪಾಸು ಎನ್ನುವುದು ಬೇಸರದ ಮಾತೇ. ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳು ಹೊಲಿಯುವ ಕೊಲ್ಹಾಪುರಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ (ಜಿಐ) ಮಾನ್ಯತೆಯೇ ಸಿಕ್ಕಿದೆ. ಆದರೆ ಅದರ ಗಟ್ಟಿ ಅಟ್ಟೆ, ಹೆಬ್ಬೆರಳ ಉಂಗುರ ಜಡ ಪಾದಕ್ಕೆ ಆಗಿಬರುವುದಿಲ್ಲ. ಹವಾಯಿ ಚಪ್ಪಲಿಯಂತೂ ಕಾಲಿನಿಂದ ಜಾರಿಹೋದರೂ ಹಾಕಿದವರಿಗೆ ತಿಳಿಯುವುದಿಲ್ಲ.

ಚಪ್ಪಲಿ ನಿಜಕ್ಕೂ ಕೆಲಸ ಮಾಡುತ್ತದೆಯೇ? ಚೆನ್ನೈನಲ್ಲಿ 241 ಮಧುಮೇಹಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಾಮಾನ್ಯ ಅಟ್ಟೆಯ ಚಪ್ಪಲಿ ಹಾಕಿದವರಲ್ಲಿ ಶೇ 33 ಮಂದಿಗೆ ಹೊಸ ಗಾಯಗಳಾದವು. ಮೆತ್ತನೆಯ ಚಿಕಿತ್ಸಾ ಚಪ್ಪಲಿಯವರಲ್ಲಿ ಶೇ 4 ಮಂದಿಗೆ ಮಾತ್ರ. ನೆದರ್‌ಲ್ಯಾಂಡ್ಸ್‌ನ ಸಂಶೋಧಕರು 2013ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಧುಮೇಹಿಗಳಿಗೆ ಹೆಜ್ಜೆ ಎಣಿಸುವ ಉಪಕರಣ ಕಟ್ಟಿ, ಎಷ್ಟು ಹೆಜ್ಜೆಗೆ ಚಿಕಿತ್ಸಾ ಶೂ ಕಾಲಲ್ಲಿತ್ತು ಎಂದು ಲೆಕ್ಕ ಹಾಕಿದರು. ಹೊರಗೆ ಹೋದಾಗ ಶೇ 87 ಹೆಜ್ಜೆಗಳಿಗೆ ಶೂ ಇತ್ತು; ಮನೆಯಲ್ಲಿ ಶೇ 61ಕ್ಕೆ ಇಳಿಯಿತು. ವಿಚಿತ್ರವೆಂದರೆ ಆ ಜನ ಹೆಚ್ಚು ಹೆಜ್ಜೆ ಹಾಕಿದ್ದು ಮನೆಯೊಳಗೇ.

ಹೊಸಿಲಲ್ಲಿ ಚಪ್ಪಲಿ ಬಿಡಲೇಬೇಕೆಂಬ ಕಟ್ಟಳೆ ಇಲ್ಲದ ದೇಶದ ಕಥೆಯೇ ಹೀಗಾದರೆ, ನಮ್ಮಲ್ಲಿ? ಚಿಕಿತ್ಸಾ ಚಪ್ಪಲಿಗೆ ದುಡ್ಡು ಕೊಟ್ಟು ತಂದ ಅಜ್ಜಿ ಅದನ್ನು ಬಾಗಿಲಾಚೆ ಬಿಟ್ಟು ಒಳಗೆ ಬರುತ್ತಾರೆ. ಬೆಳಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಅಡುಗೆಮನೆ, ಬಚ್ಚಲು, ಹಿತ್ತಿಲು, ದೇವರ ಕೋಣೆ ಎಂದು ಅವರು ಓಡಾಡುವುದೆಲ್ಲ ಬರಿಗಾಲಲ್ಲಿ. ಚಪ್ಪಲಿ ಕಾಲಿಗೇರುವುದು ಸಂತೆಗೆ, ಮದುವೆಗೆ. ದೇವಸ್ಥಾನದ ಅಂಗಳದ ಕಲ್ಲು ನಡುಮಧ್ಯಾಹ್ನ ಕಾದಿರುವಾಗ ಪ್ರದಕ್ಷಿಣೆ ಮುಗಿಸಿ ಮನೆಗೆ ಬಂದ ಮೇಲೆ ಅಂಗಾಲಿನ ಬೊಕ್ಕೆ ಮೊಮ್ಮಗಳ ಕಣ್ಣಿಗೆ ಬೀಳುತ್ತದೆ. ಬೆಳಗಿನ ತಂಪಿನಲ್ಲಿ ಹೋಗಿ, ದಪ್ಪ ಕಾಲುಚೀಲ ಹಾಕಿ ಎಂದು ವೈದ್ಯರು ಹೇಳುವುದು ಭಕ್ತಿಗೂ ಕಾಲಿಗೂ ನಡುವಿನ ಒಂದು ಒಪ್ಪಂದ. ಮನೆಗಂತೂ ದಾರಿ ಸುಲಭ: ಹೊರಗಿನದು ಹೊರಗೇ ಇರಲಿ, ಒಳಗೆ ಮಾತ್ರ ಬಳಸುವ ಇನ್ನೊಂದು ಜೊತೆ ಬೇಕು. ಮೊಮ್ಮಕ್ಕಳು ಅದನ್ನು ಮಂಚದ ಪಕ್ಕ ಇಟ್ಟರೆ ಯಾವ ಮಡಿಯೂ ಕೆಡುವುದಿಲ್ಲ.

ಒಳಗಿನ ಜೊತೆಗೂ ದುಡ್ಡು ಬೇಕು ಎಂಬುದು ನಿಜವಾದ ತೊಡಕು. ಕುಷ್ಠರೋಗಿಗಳಿಗೆ ರಾಷ್ಟ್ರೀಯ ಕಾರ್ಯಕ್ರಮದಡಿ ಎಂಸಿಆರ್ ಚಪ್ಪಲಿ ಉಚಿತವಾಗಿ ಸಿಗುತ್ತದೆ. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ 1993ರಿಂದ ಅರ್ಹ ಮಧುಮೇಹಿಗಳಿಗೆ ವರ್ಷಕ್ಕೊಂದು ಜೊತೆ ಶೂ, ಮೂರು ಜೊತೆ ಒಳ ಅಟ್ಟೆಗಳ ವೆಚ್ಚದಲ್ಲಿ ಪಾಲು ಭರಿಸುತ್ತದೆ. ನಮ್ಮ ಮಧುಮೇಹಿಗಳು ಹೆಚ್ಚಾಗಿ ಸ್ವಂತ ಜೇಬನ್ನೇ ನಂಬಬೇಕು. ಬೆರಳು ಕತ್ತರಿಸುವ ಶಸ್ತ್ರಚಿಕಿತ್ಸೆಗೆ ದುಡ್ಡು ಹೊಂದಿಸುವ ನಾವು ಅದನ್ನು ತಪ್ಪಿಸುವ ರಬ್ಬರಿಗೆ ಯಾಕೆ ಹೊಂದಿಸಬಾರದು? ಕಪ್ಪು ಎಂಸಿಆರ್ ಎಂದರೆ ‘ಆ ರೋಗದ ಚಪ್ಪಲಿ’ ಎಂಬ ಹಳೆಯ ಅಂಜಿಕೆಯೂ ಇನ್ನೂ ಪೂರ್ತಿ ಹೋಗಿಲ್ಲ. ಹಾಗಾಗಿ ಈಗ ಬಣ್ಣದ ಪಟ್ಟಿ, ಚರ್ಮದ ಮೇಲ್ಹೊದಿಕೆ ಬಂದಿವೆ.

ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿಭಾಗ ಮತ್ತು ಕರ್ನಾಟಕ ಎಂಡೋಕ್ರೈನಾಲಜಿ ಮತ್ತು ಸಂಶೋಧನಾ ಸಂಸ್ಥೆ ಸೇರಿ ಇನ್ನೊಂದು ಬಗೆಯ ಚಪ್ಪಲಿ ರೂಪಿಸಿವೆ. ಮೂರು ಆಯಾಮದ ಮುದ್ರಣದಲ್ಲಿ ತಯಾರಾಗುವ ಅದರ ಅಟ್ಟೆಯೊಳಗೆ ಪುಟ್ಟ ಕಮಾನುಗಳಿವೆ. ಒತ್ತಡ ಮಿತಿ ಮೀರಿದ ಕಡೆ ಕಮಾನು ಟಪ್ ಎಂದು ಕೆಳಗೆ ಮಡಿದು ಭಾರವನ್ನು ಬೇರೆಡೆಗೆ ಹಂಚುತ್ತದೆ, ಪಾದ ಎತ್ತಿದರೆ ಮತ್ತೆ ಸೆಟೆದು ನಿಲ್ಲುತ್ತದೆ. ಬ್ಯಾಟರಿ ಬೇಡ, ಆರಿಸಲು ಸ್ವಿಚ್ಚೂ ಇಲ್ಲ. 2003ರಲ್ಲಿ ತೀರಿಕೊಂಡ ಬ್ರ್ಯಾಂಡ್ ಇದ್ದಿದ್ದರೆ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡುತ್ತಿದ್ದರೇನೋ.

ರಬ್ಬರಿನ ಗಾಳಿ ಇಳಿದು ಚಪ್ಪಟೆಯಾದಾಗ ಚಪ್ಪಲಿ ಬದಲಿಸಬೇಕು. ಆಗೆಲ್ಲ ಹೊಸ ಹಾಳೆಯ ಮೇಲೆ ಹೊಸ ಗೆರೆ. ಹೀಗೆ ಒಂದೇ ಪಾದದ ಹಾಳೆಗಳು ಫೈಲಿನಲ್ಲಿ ಒಂದರ ಮೇಲೊಂದು ಕೂಡುತ್ತವೆ. ಐದು ಬೆರಳಿನ ಪಾದ ಐದು ಬೆರಳಿನದೇ ಆಗಿ ಉಳಿದಿದೆಯೇ ಎಂದು ಮಾಡುವವರು ಹಳೆಯ ಹಾಳೆ ತೆಗೆದು ಹೋಲಿಸಿ ನೋಡಬಹುದು. ಚಪ್ಪಲಿ ಸಿದ್ಧವಾದ ದಿನ ಬಂದವರು ಹಾಕಿ ನಾಲ್ಕು ಹೆಜ್ಜೆ ನಡೆದು, ಮೆತ್ತಗಿದೆ ಎಂದು ಮೆಚ್ಚುತ್ತಾರೆ. ಆಮೇಲೆ ಅದನ್ನು ಕಳಚಿ, ಒರೆಸಿ, ಚೀಲಕ್ಕೆ ಹಾಕಿ, ಬಾಗಿಲ ಬಳಿ ಬಿಟ್ಟಿದ್ದ ಸವೆದ ಹವಾಯಿಯನ್ನೇ ಮೆಟ್ಟಿಕೊಂಡು ಮೆಟ್ಟಿಲಿಳಿಯುವವರೂ ಉಂಟು. ಹೊಸದು, ಹಬ್ಬಕ್ಕೆ ಹಾಕಿಕೊಂಡರಾಯಿತು ಎಂದು.